ಕಳ್ಳಿ

ನಿಜ ಹೇಳಿಬಿಡುತ್ತೇನೆ. ಮಂಡ್ಯದ ಗುತ್ತಲಿನ ಈ ಮಹಡಿ ಮೇಲೆ
ಕಾಸು ಕೊಟ್ಟು ತಂದ ಗಿಡ ಒಂದೇ ಒಂದು.
ಉಳಿದದ್ದೆಲ್ಲ ಚಿವುಟಿದ್ದು.
ಮಳವಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಕಾಂಪೌಂಡಿಂದ ಹತ್ತು ಗಂಟೆ ಹೂ,
ಹಲ್ಲಿನ ಡಾಕ್ಟರ ಮೆಟ್ಟಿಲಿಂದ, ದವಡೆ ಕೀಳಿಸಿಕೊಂಡು ಇಳಿಯುವಾಗ,
ಬಾಯಲ್ಲಿ ಹತ್ತಿ, ಸೆರಗಲ್ಲಿ ಕಾಡುಬಸಳೆಯ ಎರಡೆಲೆ.
ಕದ್ದ ಗಿಡ ಬೇಗ ಬೇರು ಕಚ್ಚುತ್ತೆ ಅನ್ನೋಳು ನಮ್ಮಕ್ಕ.
ಗಿಡಕ್ಕೂ ನನಗೂ ಒಂದೇ ಹೆಸರು,
ಇಟ್ಟವರು ಸುಮ್ಮನೆ ಇಟ್ಟಿರಲಾರರು.

ನಮ್ಮನೆಯವರಿಗೆ ಇದು ಹಿಡಿಸಲಿಲ್ಲ.
ಮೂವತ್ತೆರಡು ವರ್ಷ ನೀರುಗಂಟಿ.
ತೂಬಿನ ಹಲಗೆ ಎತ್ತಿ ಎತ್ತಿ
ಬಲಗೈ ಒಂದು ಗೇಣು ಉದ್ದ ಅಂತ ಊರೇ ನಗುತ್ತಿತ್ತು.
ಸರದಿ ತಪ್ಪಿಸಿದ ಎಂದು ಒಬ್ಬರೂ ಬೆರಳು ತೋರದ ಮನುಷ್ಯ
ಕುಂಡಗಳ ಮುಂದೆ ನಿಂತು
‘ಇವಕ್ಕೆ ಸರದಿ ಯಾವತ್ತು?’ ಅಂದರು.
‘ಎಂಟು ದಿನಕ್ಕೊಮ್ಮೆ. ಚಳಿಗೆ ಅದೂ ಬೇಡ.’

ನಂಬಲಿಲ್ಲ.
ರಾತ್ರಿ ಎದ್ದು, ಟಾರ್ಚು ಕಂಕುಳಲ್ಲಿ, ಚೊಂಬು ಕೈಯಲ್ಲಿ,
ಆ ಒಂದೇ ಒಂದಕ್ಕೆ,
ನಾನೂರು ರೂಪಾಯಿಯ ನನ್ನ ಅಡೀನಿಯಮ್ಮಿಗೆ,
ಕದ್ದು ನೀರು ಬಿಟ್ಟಿದ್ದಾರೆ,
ಹನ್ನೆರಡು ರಾತ್ರಿ.

ಹದಿಮೂರನೇ ಬೆಳಿಗ್ಗೆ ಅದರ ಹೊಟ್ಟೆ ಒತ್ತಿ ನೋಡಿದೆ.
ಕಳಿತ ಬಾಳೆಹಣ್ಣಿಗೆ ಹೋದ ಹಾಗೆ ಹೋಯಿತು ಬೆರಳು.

ಬೈಯಲಿಲ್ಲ. ಬ್ಲೇಡು ತಂದೆ.
ಬಿಳಿ ತಿರುಳು ಕಾಣುವ ತನಕ ಕೊಯ್ದೆ, ಅರಿಶಿನ ಮೆತ್ತಿದೆ,
ಬಟ್ಟೆ ಹರವುವ ತಂತಿಗೆ ತಲೆಕೆಳಗಾಗಿ ಕಟ್ಟಿದೆ, ನೆರಳಲ್ಲಿ.
ಎಂಟು ದಿನ ಮಣ್ಣಿಲ್ಲ, ನೀರಿಲ್ಲ.
ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂತರು ಅವರು,
ಕಟ್ಟುನೀರಿನ ರಾತ್ರಿ ನಾಲೆ ಏರಿ ಮೇಲೆ ಕೂರುತ್ತಿದ್ದಂತೆ,
ಈ ಸಲ ಎರಡೂ ಕೈ ತೊಡೆಯಡಿ ಒತ್ತಿಟ್ಟು.

ಅದಾಗಿ ಒಂದು ಬೇಸಿಗೆ ಕಳೆದು ಇನ್ನೊಂದು.
ಇಟ್ಟಿಗೆ ಚೂರು ಜರಡಿ ಹಿಡಿಯುವುದು ಈಗ ಅವರ ಕೆಲಸ.
ಅಣ್ಣನ ಆಲೆಮನೆಯಿಂದ ಮುರಿದ ಬೆಲ್ಲದಚ್ಚು ಹೊತ್ತು ತಂದರು,
ಗುಳಿಗುಳಿಗೂ ಒಂದೊಂದು ಎಲೆ ಮಲಗಿಸಿದ್ದೇವೆ,
ಬುಡದಲ್ಲಿ ಅಕ್ಕಿಕಾಳಿನಷ್ಟು ಮರಿ.
ಹತ್ತು ಹೊಡೆದರೆ ಸಾಕು,
ಪೇಂಟಿನ ಬಕೀಟುಗಳ ತುಂಬ ಕೆಂಪು, ಹಳದಿ, ರಾಣಿ ಬಣ್ಣ.
ಅಡೀನಿಯಮ್ಮು ಮಾತ್ರ ಇನ್ನೂ ಯೋಚಿಸುತ್ತಿದೆ.

ನಿನ್ನೆ ಮದ್ದೂರಿನ ಮದುವೆ ಊಟ ಮುಗಿಸಿ ಬಂದವರು
ನನ್ನ ಮುಖ ನೋಡದೆ ಜೇಬಿಗೆ ಕೈ ಹಾಕಿದರು.
ಗೇಣುದ್ದದ ಮುಳ್ಳುಕಡ್ಡಿ, ತುದಿಯಲ್ಲಿ ಜೋಡಿ ಕೆಂಪು ಹೂ.
ಬಿಳಿ ಅಂಗಿಯ ಎದೆ ಮೇಲೆ ಕಳ್ಳಿಹಾಲಿನ ಅಂಟು.

‘ನೀರು ಹಾಕಲಾ?’ ಅಂದೆ.
‘ತಡಿ, ಗಾಯ ಒಣಗಲಿ’ ಅಂದರು.