ನಲವತ್ತು ಒಂದುಗಳು

ಬಾರ್ನ್ಸ್‌ಲಿಯ ಪಾರಿವಾಳ ಕ್ಲಬ್ಬಿನ ಹಿಂಬದಿ ಕೋಣೆ,
ಒದ್ದೆ ಕೋಟುಗಳ ವಾಸನೆ, ಆರಿದ ಚಹಾ.
ಹೋದ ವರ್ಷದವರೆಗೂ ನಾನು
ಒಂದು ಹಕ್ಕಿಗೆ ಒಂದು ವಾಕ್ಯ ಹೊಲಿಯುತ್ತಿದ್ದೆ,
ಒಂದೊಂದು ಸಾಸಿವೆ ಕಾಳಿಗೂ ಅಂಗಡಿಗೆ ಓಡಿದ ಹಾಗೆ
ಡೇಟಾಬೇಸಿನ ಬಾಗಿಲು ತಟ್ಟಿ, ಕಾದು, ತಿರುಗಿ ಬಂದು, ಮತ್ತೆ ತಟ್ಟಿ.
ಓ'ಹಾರಾನ ಹೆಸರಿನೊಳಗಿನ ಆ ಸಣ್ಣ ಕೊಕ್ಕೆಗೆ ಸಿಕ್ಕಿ
ಒಮ್ಮೆ ಇಡೀ ಭಾನುವಾರ ಹರಿದುಹೋಯಿತು.

ಈಗ ವಾಕ್ಯ ಒಂದೇ. ಮೊದಲೇ ಕಲಿಸಿಟ್ಟದ್ದು.
ಸೇರಿಸು, ಪಂದ್ಯದ ಪಟ್ಟಿಗೆ: (?, ?, ?, ?)
ಕಾಲುಂಗುರದ ಸಂಖ್ಯೆ, ಒಡೆಯ, ಬಿಟ್ಟ ಹೊತ್ತು, ಬಂದ ಹೊತ್ತು.
ನಾರ್ಮನ್ ಹೆಪ್‌ವರ್ತ್ ಕನ್ನಡಕ ಹಣೆಗೇರಿಸಿ
"ಇವೇನು, ಕತ್ತು ಬಾಗಿಸಿ ಸಾಲಾಗಿ ಕೂತವು?" ಅಂದ.
ಖಾಲಿ ಜಾಗ, ಅಂದೆ.
"ಅಲ್ಲ. ಸಂಜೆಯ ಗೂಡು."

ಒಂದೊಂದಾಗಿ ತುಂಬಿದೆ. ತುಂಬಿದ್ದು ಹೋಗುವುದಿಲ್ಲ, ಕೂಡುತ್ತದೆ,
ಶುಕ್ರವಾರ ರಾತ್ರಿ ಇವರು ಬೆತ್ತದ ಬುಟ್ಟಿಗೆ ಹಕ್ಕಿ ಇಳಿಸುವಂತೆ,
ರೆಕ್ಕೆಗೆ ರೆಕ್ಕೆ ಒತ್ತಿ, ಗುಟುರು ಹಾಕುತ್ತ,
ಲಾರಿ ಹತ್ತಿ, ಕಡಲು ದಾಟಿ, ಫ್ರಾನ್ಸಿನ ಯಾವುದೋ ಬಯಲಲ್ಲಿ
ಬೆಳಗಿನ ಆರಕ್ಕೆ ಒಮ್ಮೆಲೇ ಮುಚ್ಚಳ ತೆಗೆವವರೆಗೆ.
ನಲವತ್ತಾದವು. ಗುಂಡಿ ಒತ್ತಿದೆ.

ಒಂದೂ ಒಳಗೆ ಹೋಗಲಿಲ್ಲ.

ಇಪ್ಪತ್ತೇಳನೆಯ ಸಾಲು: ಬಂದ ಹೊತ್ತು ಇಲ್ಲ.
ಖಾಲಿ ಬಿಡಬಾರದೆಂದು ಆ ಕಾಲಮ್ಮಿಗೆ
ನಾನೇ ಹಾಕಿದ್ದ ಕಟ್ಟುಪಾಡು.
ಒಂದು ಬಾರದ್ದಕ್ಕೆ
ಬಂದ ಮೂವತ್ತೊಂಬತ್ತೂ ಬಾರದಂತಾದವು.

"ನನ್ನದು," ಅಂದ. "ನೀಲಿ ಚುಕ್ಕಿಯ ಹೆಣ್ಣು. ಶನಿವಾರದಿಂದ."
ಯಾವ ಹೊತ್ತು ಬರೆಯಲಿ?
ಸೊನ್ನೆ ಹಾಕಿದರೆ ನಡುರಾತ್ರಿ ಬಂದಳೆಂದಾಗುತ್ತದೆ,
ಸಾಲು ಕಿತ್ತರೆ ಹೋಗಲೇ ಇಲ್ಲವೆಂದು.
ಗಣಿಯ ದೀಪದ ಕೋಣೆಯಲ್ಲಿ
ಹಿತ್ತಾಳೆ ಬಿಲ್ಲೆಗಳ ಲೆಕ್ಕ ಇಟ್ಟವನು ಅವನು,
ಪಾಳಿ ಮುಗಿದರೂ ಮೇಲೆ ಬಾರದವನ ಮೊಳೆಗೆ
ಬೇರೆ ಬಿಲ್ಲೆ ನೇತುಹಾಕುತ್ತಿರಲಿಲ್ಲವಂತೆ.
"ಮೊಳೆ ಖಾಲಿ ಇರಲಿ," ಅಂದ.

ಕಟ್ಟು ಸಡಿಲಿಸಿದೆ. ಮತ್ತೆ ಒತ್ತಿದೆ.
ಪರದೆಯ ತುಂಬ ಒಂದು, ಒಂದು, ಒಂದು, ಒಂದು
"ಇದೆಂಥ ಮಗ್ಗಿ?"
ಪ್ರತಿ ಸಲವೂ ಒಂದು ಸಾಲು ಸೇರಿತೆಂಬ ಲೆಕ್ಕ.
ಗಾಜಿನ ಮೇಲೆ ಬೆರಳಿಟ್ಟು ಎಣಿಸಿದ, ಇಪ್ಪತ್ತೇಳರಲ್ಲಿ ನಿಂತ.
"ಬಾರದವಳಿಗೂ ಒಂದೇ?"
ಹೌದು. ಅವಳಿಗೂ ಒಂದು.

ಕಮಿಟ್ ಕೊಟ್ಟು, ದೀಪ ಆರಿಸಿ, ಕೋಟು ಹುಡುಕಿದೆ.
ಬೇಲಿಯಾಚೆ ಅವನಾಗಲೇ
ಬಟಾಣಿಯ ತಗಡು ಡಬ್ಬಿ ಅಲ್ಲಾಡಿಸುತ್ತಿದ್ದ.
ಕತ್ತಲಾಗಿತ್ತು. ಹೊಟ್ಟೆ ತುಂಬಿದವು
ಯಾವುವೂ ಕದಲಲಿಲ್ಲ.