ಬಲಗೆನ್ನೆ

ಹುಸೇನಪ್ಪನ ಮುಖದಲ್ಲಿ ಎರಡು ಊರಿವೆ.
ಎಡಗೆನ್ನೆ ಬಾಗಿಲ ಕಡೆಯದು,
ಕಂಡಕ್ಟರನ ಸೀಟಿ ಕೇಳಿದ್ದು,
ಹತ್ತುವವರು ಇಳಿಯುವವರು ಕಂಡದ್ದು.
ಬಲಗೆನ್ನೆ ಕಿಟಕಿಯದು.

ಇಪ್ಪತ್ತೆಂಟು ವರ್ಷ, ರಾಯಚೂರಿಂದ ಬಳ್ಳಾರಿ.
ಮಧ್ಯಾಹ್ನ ಎರಡಕ್ಕೆ ಬಿಟ್ಟರೆ ಮಾನ್ವಿ, ಸಿಂಧನೂರು, ಸಿರುಗುಪ್ಪ,
ತೆಂಕಣಕ್ಕೆ ಮೂತಿ, ಬಲಕ್ಕೆ ಪಡುವಣ ಬಿಸಿಲು.
ರಾತ್ರಿ ಡಿಪೋದ ಸೊಳ್ಳೆ. ಬೆಳಿಗ್ಗೆ ವಾಪಸು,
ಬಡಗಣಕ್ಕೆ ಮೂತಿ, ಬಲಕ್ಕೆ ಮೂಡಣ ಬಿಸಿಲು.
ಹೋಗುತ್ತಲೂ ಬರುತ್ತಲೂ
ಸೂರ್ಯ ಒಂದೇ ಕಪಾಳಕ್ಕೆ ಹೊಡೆದ.

ನಾನು ಮಷೀನು ನಡೆಸುವವಳು,
ಸ್ಟೇಷನ್ ರಸ್ತೆಯ ಎರಡನೇ ಮಾಳಿಗೆಯಲ್ಲಿ.
ಡಾಕ್ಟರಮ್ಮ ಕಿವಿಯ ಹಿಂದೆ ಒಂದು ಚುಕ್ಕೆ ಹೊಡೆಸಿ
ವಾರ ಕಾಯಿಸಿದರು:
ನಮ್ಮ ಬಣ್ಣದ ಚರ್ಮಕ್ಕೆ ಬೆಳಕು ತುಸು ಹೆಚ್ಚಾದರೂ
ಕಲೆ ಅಳಿಸಲು ಹೋಗಿ ಕಲೆ ಬರೆದ ಹಾಗೆ.

ಗಡ್ಡ ಹೆರೆಯುವಾಗ ರಕ್ತ ಜಿನುಗುತ್ತಿದ್ದ ಹಕ್ಕಳೆಯನ್ನು
ಮೊದಲೇ ಕೆತ್ತಿ ಪರೀಕ್ಷೆಗೆ ಕಳಿಸಿದ್ದರು.
ಕೆಟ್ಟದ್ದಲ್ಲ ಎಂದು ಕಾಗದ ಬಂತು.
ಆಮೇಲೇ ಹುಲಿಗೆಮ್ಮ ಬಾಯಿ ಬಿಟ್ಟದ್ದು:
"ಎರಡೂ ಗಲ್ಲ ಒಂದಾ ಮಾಡ್ತೀರೇನ್ರೀ?
ಮಾಡಿದ್ರ ಯಾವ್ದರಂಗ?"
ಡಾಕ್ಟರಮ್ಮ ನಕ್ಕರು.
ನನಗಿನ್ನೂ ಉತ್ತರ ಹೊಳೆದಿಲ್ಲ.

ಜೆಲ್ ಸವರಿದೆ. ಕರಿಗನ್ನಡಕ ತೊಡಿಸಿದೆ.
ದಾರಿ ಕಾಣದೆ ಕೂತದ್ದು ಆತ ಅದೇ ಮೊದಲೇನೋ,
ಕೈಗಳು ಗಾಳಿಯಲ್ಲಿ ಸ್ಟೇರಿಂಗು ಹುಡುಕಿ
ಮಡಿಲಿಗೆ ಬಂದವು.

ಟಕ್.
ರಬ್ಬರ್ ಬ್ಯಾಂಡು ಎಳೆದು ಬಿಟ್ಟ ಹಾಗೆ.
ಟಕ್. ಉಳಿದ ಕೂದಲು ಚುರುಗುಟ್ಟಿ
ಹಬ್ಬದ ದಿನ ಕುರಿತಲೆ ಸುಟ್ಟ ವಾಸನೆ.
ಪ್ರತಿ ಟಕ್ಕಿಗೂ ಅವನ ಬಲಗಾಲು
ನೆಲ ಒತ್ತುತ್ತಿತ್ತು,
ಅಲ್ಲಿಲ್ಲದ ಬ್ರೇಕು.

"ಈಗ ಎಲ್ಲಿಗೆ ಬಂದಿವ್ರೀ ಅಕ್ಕಾರ?"
ಕಣ್ಣ ಕೆಳಗಿದ್ದೆ. ಮಾನ್ವಿ ದಾಟಿತು, ಅಂದೆ.
ಗಲ್ಲದ ಮೂಳೆಗೆ ಸಿಂಧನೂರು. ಅಲ್ಲಿ ಹೆಚ್ಚು ಹೊತ್ತು ನಿಂತೆವು,
ಕಲೆ ದಟ್ಟ.
"ದಢೇಸೂಗೂರು ಸೇತುವೆ ಬಂದ್ರ ಹೇಳ್ರಿ,
ಹೊಳಿ ಗಾಳಿ ಅಲ್ಲೊಂದೀಟು ತಂಪು."
ತಣ್ಣನೆ ಗಾಳಿಯ ಕೊಳವೆಯನ್ನು
ದವಡೆಗೆ ಹಿಡಿದೆ.
ಬಲಗಾಲು ಸಡಿಲವಾಯಿತು.

ಒಂದು ಸಲಕ್ಕೆ ಮೂರೂವರೆ ಸಾವಿರ.
ಹುಲಿಗೆಮ್ಮ ನೋಟು ಎಣಿಸಿದಳು, ಮತ್ತೆ ಎಣಿಸಿದಳು.
"ಬಿಲ್ಲು ಸೂರ್ಯಾಗ ಕಳಿಸ್ರಿ," ಅಂದ ಆತ,
ಕೆಂಪಾದ ಕೆನ್ನೆಯಲ್ಲಿ ನಗಲು ಹೆದರಿ
ಎಡಗೆನ್ನೆಯಲ್ಲಷ್ಟೇ ನಕ್ಕ.
ಸೂಚನೆ ಓದಿ ಹೇಳಿದೆ:
ಹದಿನೈದು ದಿನ ಬಿಸಿಲಿಗೆ ಹೋಗಬಾರದು.
ಇಬ್ಬರೂ ನನ್ನ ಮುಖ ನೋಡಿದರು.
"ರಾಯಚೂರಾಗ?"
ಏಪ್ರಿಲ್ ಹನ್ನೊಂದು, ಮಧ್ಯಾಹ್ನ ಒಂದೂವರೆ.
ಮೆಟ್ಟಿಲ ಕೆಳಗೆ
ಕನ್ನಡಕವಿಲ್ಲದ ಜೆಲ್ಲಿಲ್ಲದ ದೊಡ್ಡ ಮಷೀನು
ಚಾಲೂ ಇತ್ತು.
ಸೆರಗಿನ ತುದಿ ಬಾಟಲಿ ನೀರಲ್ಲಿ ಅದ್ದಿ
ಅವನ ಬಲಗಡೆಗೆ ಬಂದು ನಡೆದಳು ಹುಲಿಗೆಮ್ಮ.
ಕಿಟಕಿಯಿಂದ ಕಂಡದ್ದಿಷ್ಟು.

ಮೂರು ಸಲ ಮುಗಿಯಿತು.
ಕಲೆ ಹೋಗಿಲ್ಲ, ತಿಳಿಯಾಗಿದೆ,
ತೊಗರಿ ಹೊಟ್ಟಿನ ಬಣ್ಣಕ್ಕೆ.
ಕಣತಲೆಯ ಹತ್ತಿರದ್ದೊಂದು ಜಗ್ಗಲಿಲ್ಲ,
ಡಾಕ್ಟರಮ್ಮ ಅದನ್ನು ಬಿಡಿ ಅಂದರು.
ಹುಲಿಗೆಮ್ಮ ಎರಡೂ ಗಲ್ಲಕ್ಕೆ ಎರಡು ಅಂಗೈ ಇಟ್ಟು,
ತೂಕ ಮಾಡುವವಳ ಹಾಗೆ, "ಇನ್ನಾ ಬ್ಯಾರೆ ಬ್ಯಾರೇನ ಅದಾವ," ಅಂದಳು.
ದೂರು ಹಾಗಿರಲಿಲ್ಲ ಆ ದನಿ.

ರಿಟೈರಾಗಲು ಎಂಟು ತಿಂಗಳು.
ಆತ ಕೇಳಿ ಹಾಕಿಸಿಕೊಂಡದ್ದು ಹೈದರಾಬಾದಿನ ರಾತ್ರಿ ಗಾಡಿ.
ಎದುರಿನ ಲಾರಿಗಳ ಲೈಟು
ಈಗಲೂ ಬಲಕ್ಕೇ ಬೀಳುತ್ತದಂತೆ.
ಬಿದ್ದು, ಕೆನ್ನೆ ಸವರಿ, ಹಿಂದಕ್ಕೆ ಹೋಗುತ್ತದಂತೆ.