ಹತ್ತೇ ಹತ್ತು ಕನೆಕ್ಷನ್

ಕಾರ್ಮಾರ್ಥನ್ನಿನ ಲೈಬ್ರರಿಯಲ್ಲಿ ಹತ್ತೂವರೆ ದಾಟುತ್ತಲೇ
ಪರದೆ ಕಲ್ಲಾಗುತ್ತದೆ. ಇದು ಮೂರನೆಯ ಮಂಗಳವಾರ.
ಡಿಲಿಸ್ ಚೀಟಿಗಳನ್ನು ಕೈಯಲ್ಲೇ ಬರೆಯುತ್ತಾಳೆ,
ಒಬ್ಬರಿಗೆ ವೆಲ್ಶ್, ಮತ್ತೊಬ್ಬರಿಗೆ ಇಂಗ್ಲಿಷ್,
ನಡುವೆ ನನ್ನತ್ತ ಒಂದು ಹುಬ್ಬು.

ನಾನು ಮೊದಲು ಡ್ರೈವರನ್ನೇ ಶಂಕಿಸಿದೆ.
ಪಾಪ, ಅದು ದುಭಾಷಿ:
ಜಾವಾ ಆಡಿದ್ದನ್ನು ಸರ್ವರಿಗೆ ತಿಳಿಯುವಂತೆ ಹೇಳಿ
ಅಲ್ಲಿಂದ ಬಂದ ಸಾಲುಗಳನ್ನು ಒಂದೊಂದಾಗಿ
ಇತ್ತ ದಾಟಿಸುತ್ತದೆ. ತನ್ನದೆನ್ನುವ ಒಂದು ಮಾತೂ ಇಲ್ಲ.
ಹೊಸ ಜಾರ್ ತಂದು ಹಾಕಿದೆ. ಪೋರ್ಟ್ ನೋಡಿದೆ.
ಪಾಸ್‌ವರ್ಡು ಎರಡು ಸಲ ಹೊಡೆದೆ.

ಆಮೇಲೆ ಸಿಕ್ಕಿತು, ನನ್ನದೇ ಕೋಡಿನಲ್ಲಿ:
ಮಂಗಳವಾರ ಮಾತ್ರ ಓಡುವ
ಬಾಕಿ ಪುಸ್ತಕಗಳ ಪಟ್ಟಿ.
ತೆರೆದಿದ್ದೇನೆ, ಮುಚ್ಚಿಲ್ಲ.
ಇರುವುದು ಹತ್ತೇ ಹತ್ತು ಕನೆಕ್ಷನ್;
ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ.
ಹನ್ನೊಂದನೆಯ ಪ್ರಶ್ನೆ ಬಾಗಿಲಲ್ಲಿ ನಿಂತು ನಿಂತು
ಟೈಮ್‌ಔಟ್.

ಒಂದು ಸಾಲು ಸೇರಿಸಿದೆ. ಪರದೆ ಕದಲಿತು.
ಏನಾಗಿತ್ತು ಎಂದಳು ಡಿಲಿಸ್.
ತಗೊಂಡದ್ದು ವಾಪಸು ಕೊಟ್ಟಿರಲಿಲ್ಲ, ಎಂದೆ.
ಅವಳು ಕನ್ನಡಕದ ಮೇಲಿಂದ ನೋಡಿ
ದಂಡದ ಡಬ್ಬಿಯನ್ನು ನನ್ನೆಡೆಗೆ ತಳ್ಳಿದಳು.